ದಾಸೋಹಕ್ಕೆ ಎಲ್ಲೆ ಎಲ್ಲಿ?

(ಮಾಸಿಕ ಶಿವಾನುಭವಗೋಷ್ಠಿಯಲ್ಲಿ ನೀಡಿದ ಆಶೀರ್ವಚನ)



ಈ ತಿಂಗಳ ಗೋಷ್ಠಿಯ ವಿಷಯವನ್ನು ನಾವು ಆರಿಸಿದ್ದಲ್ಲ. ನಿಮ್ಮಲ್ಲಿಯೇ ಯಾರೋ ಒಬ್ಬರು ಚೀಟಿಯಲ್ಲಿ ಬರೆದು ಕಳಿಸಿದ್ದಾರೆ. "ದಾನ ಮಾಡುವುದಾದರೆ ನಮ್ಮ ನಾಡಿನವರಿಗೆ ಮಾಡಬೇಕೋ, ಹೊರದೇಶದವರಿಗೂ ಮಾಡಬಹುದೋ? ಇಲ್ಲಿಯೇ ಇಷ್ಟು ಬಡತನವಿರುವಾಗ ಅಲ್ಲಿಗೆ ಹಣ ಕಳಿಸುವುದು ಧರ್ಮವೇ?" ಎಂದು ಅದರಲ್ಲಿದೆ. ಹೆಸರು ಬರೆದಿಲ್ಲ. ಹೆಸರಿಲ್ಲದೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಮನಸ್ಸಿನಲ್ಲಿ ಬಹಳ ದಿನ ಕುದಿದು ಬಂದವಾಗಿರುತ್ತವೆ. ಆದುದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ನಮ್ಮ ಜನ ಇದಕ್ಕೆ ಎರಡು ಗಾದೆಗಳನ್ನು ಸಿದ್ಧವಾಗಿ ಇಟ್ಟುಕೊಂಡಿದ್ದಾರೆ. ಒಂದು, "ಮನೆಗೆ ಮಾರಿ, ಊರಿಗೆ ಉಪಕಾರಿ." ಇನ್ನೊಂದು, "ಮನೆ ಗೆದ್ದು ಮಾರು ಗೆಲ್ಲು." ಮೊದಲನೆಯ ಗಾದೆಯಲ್ಲಿ ಬಹಳ ಸತ್ಯವಿದೆ. ಹೆತ್ತ ತಾಯಿಗೆ ಔಷಧ ತಂದುಕೊಡದವನು ಜಾತ್ರೆಯ ಪ್ರಸಾದನಿಲಯಕ್ಕೆ ಹತ್ತು ಚೀಲ ಅಕ್ಕಿ ಕೊಟ್ಟು, ಕಲ್ಲಿನ ಮೇಲೆ ತನ್ನ ಹೆಸರನ್ನು ತಾಯಿಯ ಹೆಸರಿಗಿಂತ ದೊಡ್ಡದಾಗಿ ಕೆತ್ತಿಸುತ್ತಾನೆ. ಇಂಥವರನ್ನು ನೀವೂ ನೋಡಿದ್ದೀರಿ, ನಾವೂ ನೋಡಿದ್ದೇವೆ. ಗಾದೆ ಹುಟ್ಟಿದ್ದು ಅವನನ್ನು ತಿವಿಯುವುದಕ್ಕೆ.

ಎರಡನೆಯ ಗಾದೆಯ ವಿಷಯದಲ್ಲಿ ಮಾತ್ರ ನಮಗೊಂದು ಸಂದೇಹ. ಮನೆ ಗೆದ್ದ ಮೇಲೆ ಮಾರು ಗೆಲ್ಲಬೇಕು, ಸರಿ. ಆದರೆ ಮನೆ ಗೆಲ್ಲುವುದು ಮುಗಿಯುವುದು ಯಾವಾಗ? ಮೊದಲು ಮಗಳ ಮದುವೆ ಆಗಲಿ ಎನ್ನುತ್ತೀರಿ. ಆಮೇಲೆ ಮಗನ ಓದು. ಓದಾಯಿತು, ಬೋರ್‌ವೆಲ್. ಬೋರ್‌ವೆಲ್‌ನಲ್ಲಿ ನೀರು ಬಿತ್ತು, ಟ್ರ್ಯಾಕ್ಟರ್. ಹೀಗೆ ಮನೆಯನ್ನು ಗೆಲ್ಲುತ್ತಾ ಗೆಲ್ಲುತ್ತಾ ಕೈಲಾಸವಾಸಿಗಳಾದವರು ಎಷ್ಟೋ ಮಂದಿ. ದೇಶದ ಮಾತೂ ಹೀಗೆಯೇ. ನಮ್ಮ ಬಡತನವೆಲ್ಲ ಕಳೆದ ಮೇಲೆ ಹೊರಗಿನವರ ಕಡೆ ನೋಡೋಣ ಎಂದರೆ ಆ ದಿನ ಬರುವುದೇ ಇಲ್ಲ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಕಂಪವಾಯಿತು. ಸುಮಾರು 9,000 ಜನ ಸತ್ತರು. ಆಗ ಒಂದು ಹಳ್ಳಿಯ ತರುಣರು ಡಬ್ಬಿ ಹಿಡಿದು ಮನೆಮನೆಗೆ ಹೋದರು. ಒಂದು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕರು, "ನೇಪಾಳಕ್ಕೆ ಕೊಡೋಣಂತೆ, ಪಕ್ಕದ ಓಣಿಯಲ್ಲಿ ಒಲೆ ಹತ್ತಿಲ್ಲ, ಅದನ್ನು ನೋಡಿದಿರಾ?" ಎಂದು ಕೇಳಿಬಿಟ್ಟರು. ತರುಣರಿಗೆ ಉತ್ತರ ತೋಚಲಿಲ್ಲ. ಬಂದು ನಮ್ಮ ಮುಂದೆ ಹೇಳಿಕೊಂಡರು. ನಾವು ವಿಚಾರಿಸಿದೆವು. ಆ ಮುದುಕರು ಎರಡು ತಿಂಗಳಿಂದ ತಮ್ಮ ಮನೆಯ ಜೋಳದಲ್ಲಿ ಪಾಲು ತೆಗೆದು ಆ ಓಣಿಯ ಮನೆಗೆ ಮುಟ್ಟಿಸುತ್ತಿದ್ದರು, ಯಾರಿಗೂ ಹೇಳಿರಲಿಲ್ಲ. ಅವರಿಗೆ ಆ ಪ್ರಶ್ನೆ ಕೇಳುವ ಹಕ್ಕು ಇತ್ತು. ಅದೇ ಪ್ರಶ್ನೆಯನ್ನು ಅದೇ ಬೀದಿಯಲ್ಲಿ ಇನ್ನೂ ನಾಲ್ಕು ಮನೆಯವರು ಕೇಳಿದರಂತೆ. ಅವರು ನೇಪಾಳಕ್ಕೂ ಕೊಡಲಿಲ್ಲ, ಪಕ್ಕದ ಓಣಿಗೂ ಹೋಗಲಿಲ್ಲ. ಆ ವರ್ಷ ನಮ್ಮ ನಾಡಿನಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದಲ್ಲಿ ಆ ಒಂದೇ ವರ್ಷ ಸಾವಿರಕ್ಕೂ ಹೆಚ್ಚು ರೈತರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. "ಮೊದಲು ನಮ್ಮವರು" ಎಂದು ಡಬ್ಬಿಯನ್ನು ಹಿಂದಕ್ಕೆ ಕಳಿಸಿದವರಲ್ಲಿ ಎಷ್ಟು ಮಂದಿ ಆ ಮನೆಗಳ ಬಾಗಿಲಿಗೆ ಹೋಗಿ ಬಂದರು? ನೀವೇ ಎಣಿಸಿ.

ಆದುದರಿಂದ ಈ ಪ್ರಶ್ನೆಯನ್ನು ಯಾರು ಕೇಳುತ್ತಾರೆ ಎಂಬುದೂ ವಿಚಾರಣೀಯವಾದದ್ದೇ. ಕೊಡುವವನು ಕೇಳಿದರೆ ಅದು ವಿವೇಕ. ಕೊಡದವನು ಕೇಳಿದರೆ ನೆಪ.

ಇನ್ನು, ನಾವು ಕೊಡುವವರ ಸ್ಥಾನದಲ್ಲಿಯೇ ಕುಳಿತು ಮಾತನಾಡುತ್ತಿದ್ದೇವೆ. ಒಂದು ಗಳಿಗೆ ಎದ್ದು ತೆಗೆದುಕೊಂಡವರ ಸಾಲಿನಲ್ಲಿ ಕುಳಿತು ನೋಡೋಣ. ನಾವು ಆ ಸಾಲಿನಲ್ಲಿ ಬಹಳ ಕಾಲ ಕುಳಿತವರು.

ಧಾತು, ಈಶ್ವರ ಸಂವತ್ಸರಗಳ ಬರವನ್ನು ನಿಮ್ಮ ಮುತ್ತಜ್ಜಿಯರ ಬಾಯಲ್ಲಿ ಕೇಳಿದವರು ಇದ್ದೀರಿ. 1876ರಿಂದ 1878ರವರೆಗೆ ಮೈಸೂರು ಸೀಮೆ, ಬಳ್ಳಾರಿ, ಧಾರವಾಡ, ಬಿಜಾಪುರದ ಕಡೆಯೆಲ್ಲ ಹಬ್ಬಿದ ಬರ ಅದು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರ ಜನರಿದ್ದರು. 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟು ಲಕ್ಷಕ್ಕೂ ಮಿಕ್ಕಿ ಇಳಿಯಿತು. ಆಗ ಲಂಡನ್ನಿನ ಮೇಯರು 1877ರಲ್ಲಿ ಒಂದು ನಿಧಿ ತೆರೆದರು. ಇಂಗ್ಲೆಂಡಿನ ಜನ, ಆಸ್ಟ್ರೇಲಿಯಾದ ವಸಾಹತುಗಳ ಜನ ಹಣ ಕೂಡಿಸಿದರು. ಐದು ಲಕ್ಷ ಪೌಂಡಿಗೂ ಹೆಚ್ಚು ಕೂಡಿತು. ಅವರಿಗೆ ಮೈಸೂರು ಎಲ್ಲಿದೆ ಎಂಬುದು ಗೊತ್ತಿತ್ತೋ ಇಲ್ಲವೋ. ಆ ಹಣದಲ್ಲಿ ಬಹುಪಾಲು ಮಳೆ ಬಂದ ಮೇಲೆ ರೈತರಿಗೆ ಬಿತ್ತನೆ ಬೀಜಕ್ಕೆ, ಎತ್ತಿಗೆ, ಬಿದ್ದ ಮನೆಯ ದುರಸ್ತಿಗೆ ಹೋಯಿತು. ಬೀಜವನ್ನೂ ತಿಂದು ಮುಗಿಸಿದ ರೈತನ ಕೈಗೆ ಮೊದಲ ಹಸಿಮಳೆಗೆ ಬೀಜ ಮುಟ್ಟಿಸುವುದಕ್ಕಿಂತ ದೊಡ್ಡ ಉಪಕಾರ ಯಾವುದಿದೆ?

ಆದರೆ ಈ ಕಥೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅದೇ ವರ್ಷಗಳಲ್ಲಿ ಈ ದೇಶದ ಬಂದರುಗಳಿಂದ ಧಾನ್ಯ ಹಡಗು ಹತ್ತಿ ಹೊರಗೆ ಹೋಗುತ್ತಿತ್ತು. ಬರದ ನಡುವೆಯೇ 1877ರ ಜನವರಿ 1ರಂದು ದಿಲ್ಲಿಯಲ್ಲಿ ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಯಿತು. ಆಗ ಮೈಸೂರನ್ನು ಆಳುತ್ತಿದ್ದವರು ಇಂಗ್ಲಿಷ್ ಕಮಿಷನರುಗಳು. ಅಂದಮೇಲೆ ಒಂದು ಕೈ ಕಸಿದುಕೊಂಡಿತು, ಇನ್ನೊಂದು ಕೈ ಕೊಟ್ಟಿತು. ಕೊಟ್ಟ ಕೂಲಿಕಾರನೂ ಕಸಿದ ಅಧಿಕಾರಿಯೂ ಒಬ್ಬನೇ ಆಗಿರಲಿಲ್ಲ, ಅದು ನಿಜ. ಲಂಡನ್ನಿನ ಒಬ್ಬ ದರ್ಜಿ ಕೊಟ್ಟ ಒಂದು ಷಿಲ್ಲಿಂಗು ಶುದ್ಧವಾದದ್ದೇ. ಆದರೂ ದೂರದವರಿಗೆ ಕೊಡುವಾಗ ನಮ್ಮದೇ ಇನ್ನೊಂದು ಕೈ ಅವರಿಂದ ಏನನ್ನಾದರೂ ಕಸಿಯುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಹತ್ತಿರದವರ ವಿಷಯದಲ್ಲೂ ಅಷ್ಟೇ. ಕೂಲಿಯಲ್ಲಿ ಹತ್ತು ರೂಪಾಯಿ ಹಿಡಿದು ಹಬ್ಬಕ್ಕೆ ಸೀರೆ ಕೊಡುವ ಧಣಿಗಳು ಇಂದಿಗೂ ಇದ್ದಾರೆ.

ನಿಮ್ಮಲ್ಲಿ ಐವತ್ತು ದಾಟಿದವರಿಗೆ ಶಾಲೆಯ ಉಪ್ಪಿಟ್ಟು ನೆನಪಿರಬೇಕು. 'ಕೇರ್' ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ. ಅಮೆರಿಕದಿಂದ ಬರುತ್ತಿತ್ತು. ತಟ್ಟೆ ಇಲ್ಲದ ಹುಡುಗರು ಮುತ್ತುಗದ ಎಲೆಯಲ್ಲಿ ಹಾಕಿಸಿಕೊಂಡು ತಿಂದರು. (ಅಲ್ಲಿ ಹಿಂದೆ ಕುಳಿತವರು ನಗುತ್ತಿದ್ದಾರೆ, ತಿಂದವರಿರಬೇಕು.) ಅಮೆರಿಕಕ್ಕೆ ತನ್ನ ಹೆಚ್ಚುವರಿ ಧಾನ್ಯವನ್ನು ಸಾಗಿಸುವ ಅವಸರವಿತ್ತು, ರಾಜಕೀಯದ ಲೆಕ್ಕಾಚಾರವೂ ಇತ್ತು, ಅದೆಲ್ಲ ಇದ್ದದ್ದೇ. ಆದರೆ ಹಸಿದ ಹುಡುಗನ ಹೊಟ್ಟೆಗೆ ಅದು ಗೊತ್ತಾಗಲಿಲ್ಲ. ಆ ಉಪ್ಪಿಟ್ಟಿಗಾಗಿಯೇ ಶಾಲೆಗೆ ಬಂದು, ಅಕ್ಷರ ಕಲಿತು ಮುಂದೆ ಬಂದವರು ಈ ನಾಡಿನಲ್ಲಿ ಇದ್ದಾರೆ. 2002ರಲ್ಲಿ ನಮ್ಮ ಸರ್ಕಾರವೇ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಆರಂಭಿಸಿ ಆಮೇಲೆ ಅದನ್ನು ನಾಡಿಗೆಲ್ಲ ವಿಸ್ತರಿಸಿತು. ಅದಕ್ಕೆ ಇಟ್ಟ ಹೆಸರು 'ಅಕ್ಷರ ದಾಸೋಹ'. ದಾನ ಎನ್ನಲಿಲ್ಲ, ದಾಸೋಹ ಎಂದರು. ಈ ಮಾತನ್ನು ಆರಿಸಿದವರು ಯಾರೇ ಆಗಿರಲಿ, ತಿಳಿದೇ ಆರಿಸಿದ್ದಾರೆ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಉಣ್ಣುವವನು ಒಡೆಯ, ಬಡಿಸುವವನು ಸೇವಕ. ಒಡೆಯ ಯಾವ ಊರಿನವನು ಎಂದು ಸೇವಕ ವಿಚಾರಿಸುವುದುಂಟೆ?

ಈಗ ಒಂದು ಪ್ರತ್ಯಕ್ಷ ನಿದರ್ಶನವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

1959ರಲ್ಲಿ ದಲೈಲಾಮಾ ಅವರು ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಅಂದಿನ ಮೈಸೂರು ರಾಜ್ಯ ಅವರಿಗೆ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಜಮೀನು ಕೊಟ್ಟಿತು. 1960-61ರಲ್ಲಿ ಅಲ್ಲಿ ವಸತಿ ಆರಂಭವಾಯಿತು. ಜಮೀನು ಎಂದರೆ ಉತ್ತ ಹೊಲವಲ್ಲ, ಕಾಡು. ಮರ ಕಡಿಯಬೇಕು, ಬೇರು ಕೀಳಬೇಕು. ರಾತ್ರಿ ಆನೆ ಬಂದು ಗುಡಿಸಲು ಕೆಡವುತ್ತಿತ್ತು. ಹಿಮದ ನಾಡಿನಲ್ಲಿ ಹುಟ್ಟಿದವರು ನಮ್ಮ ಸೆಕೆಯನ್ನು ತಾಳಲಾರದೆ ಕಾಯಿಲೆ ಬಿದ್ದರು, ಎಷ್ಟೋ ಜನ ಸತ್ತರು. ಉಳಿದವರು ಮುಸುಕಿನ ಜೋಳ ಬೆಳೆದರು.

ಅದೇ ಸಮಯದಲ್ಲಿ ಅದೇ ಸೀಮೆಯಲ್ಲಿ ತುಂಡು ಭೂಮಿಯೂ ಇಲ್ಲದ ಕನ್ನಡಿಗರಿರಲಿಲ್ಲವೇ? ಇದ್ದರು. "3,000 ಎಕರೆಯನ್ನು ಅವರಿಗೇ ಹಂಚಬಹುದಿತ್ತಲ್ಲ" ಎಂದು ಅಂದು ಕೇಳಿದ್ದರೆ ಅದು ನ್ಯಾಯವಾದ ಪ್ರಶ್ನೆಯೇ. ನಾವು ಅದನ್ನು ತಳ್ಳಿಹಾಕುವುದಿಲ್ಲ. ಭೂಹೀನನ ಮುಂದೆ ನಿಂತು ಪರೋಪಕಾರದ ಉಪದೇಶ ಮಾಡುವುದು ಸುಲಭವಲ್ಲ. ಆದರೆ ಮುಂದೆ ಏನಾಯಿತು ಕೇಳಿ.

ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಕೆಲಸಕ್ಕೆಂದು 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು, ಹೆಸರು 'ಮೈರಾಡ'. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂದು ಅದರ ಅರ್ಥ. ಪರದೇಶದವರಿಗಾಗಿ ಕಟ್ಟಿದ ಸಂಸ್ಥೆ. ಅದಕ್ಕೆ ಹೊರದೇಶಗಳ ನೆರವೂ ಬಂತು. ಆ ಕೆಲಸ ಒಂದು ಹದಕ್ಕೆ ಬಂದ ಮೇಲೆ ಸಂಸ್ಥೆಯನ್ನು ಮುಚ್ಚಿ ಹೋಗಬಹುದಾಗಿತ್ತು. ಮುಚ್ಚಲಿಲ್ಲ. 1980ರ ದಶಕದಲ್ಲಿ ಅದು ನಮ್ಮ ಹಳ್ಳಿಗಳ ಬಡವರ ಕಡೆಗೆ ತಿರುಗಿತು. ಸಾಲಕ್ಕಾಗಿ ಅಲೆಯುತ್ತಿದ್ದ ಜನ ಹದಿನೈದು ಇಪ್ಪತ್ತು ಮಂದಿ ಸೇರಿ, ವಾರಕ್ಕೊಮ್ಮೆ ಕೂತು, ಎರಡು ರೂಪಾಯಿ ಐದು ರೂಪಾಯಿ ಉಳಿಸಿ, ತಮ್ಮೊಳಗೇ ಸಾಲ ಕೊಟ್ಟು ತೀರಿಸಿಕೊಳ್ಳುವ ಪದ್ಧತಿಯನ್ನು ಅದು ಬೆಳೆಸಿತು. 1987ರಲ್ಲಿ ನಬಾರ್ಡ್ ಆ ಪ್ರಯೋಗಕ್ಕೆ ಹಣ ಕೊಟ್ಟಿತು. 1992ರಲ್ಲಿ ದೇಶದ ಬ್ಯಾಂಕುಗಳು ಇಂಥ ಸಂಘಗಳಿಗೆ ನೇರವಾಗಿ ಸಾಲ ಕೊಡುವ ಕಾರ್ಯಕ್ರಮ ಆರಂಭವಾಯಿತು.

ತಾಯಂದಿರೇ, ನೀವು ವಾರವಾರ ಕೂಡುವ ಸಂಘದ ಹಿಂದೆ ಈ ಒಂದು ಎಳೆಯೂ ಇದೆ. ಬೇರೆ ಎಳೆಗಳೂ ಇವೆ, ಎಲ್ಲವೂ ಬೈಲಕುಪ್ಪೆಯಿಂದಲೇ ಬಂತು ಎಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ಟಿಬೆಟಿನವನಿಗೆ ಮನೆ ಕಟ್ಟಿಕೊಡಲು ಕಲಿತ ಕೈಗಳೇ ಮುಂದೆ ನಿಮ್ಮ ಸಂಘದ ಪಾಸ್‌ಬುಕ್ಕನ್ನೂ ಬರೆಯಲು ಕಲಿಸಿದವು ಎನ್ನುವುದು ಸುಳ್ಳಲ್ಲ. ಹೊರಗಿನವನಿಗೆ ಮಾಡಿದ ಕೆಲಸ ಒಳಗಿನವರಿಗೆ ಬಂದು ಮುಟ್ಟಿತು. ಇದನ್ನು ಮೊದಲೇ ಲೆಕ್ಕ ಹಾಕಿ ಮಾಡಿದ್ದಲ್ಲ. ಲೆಕ್ಕ ಹಾಕಿದ್ದರೆ ಮಾಡುತ್ತಲೇ ಇರಲಿಲ್ಲವೇನೋ.

1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದರು. ಆಗ ನಮ್ಮ ದೇಶ ಬಡದೇಶ. ಬಿಹಾರದ ಬರ ಕಳೆದು ನಾಲ್ಕು ವರ್ಷವಾಗಿತ್ತು. ಆದರೂ ಆ ವರ್ಷ ನವೆಂಬರಿನಿಂದ ಪ್ರತಿಯೊಂದು ಕಾಗದಕ್ಕೂ ಐದು ಪೈಸೆಯ ಹೆಚ್ಚಿನ ಚೀಟಿ, ನಿರಾಶ್ರಿತರ ನೆರವಿಗೆಂದು, ಅಂಟಿಸಬೇಕಾಯಿತು. ಮಗಳಿಗೆ ಹಬ್ಬಕ್ಕೆ ಬಾ ಎಂದು ಬರೆದ ತಂದೆಯೂ ಐದು ಪೈಸೆ ಕೊಟ್ಟ. ಯಾರೂ ಸತ್ತುಹೋಗಲಿಲ್ಲ. ಬಂಗಾಳದ ಕಡೆಯಿಂದ ಬಂದ ಕೆಲವು ನೂರು ಕುಟುಂಬಗಳು ಇಂದಿಗೂ ನಮ್ಮ ಸಿಂಧನೂರಿನ ಹತ್ತಿರದ ಕ್ಯಾಂಪುಗಳಲ್ಲಿವೆ. ಅವರ ಮೊಮ್ಮಕ್ಕಳನ್ನು ಹೊರದೇಶದವರು ಎನ್ನುತ್ತೀರೋ, ಸಿಂಧನೂರಿನವರು ಎನ್ನುತ್ತೀರೋ?

ಆ ನಿರಾಶ್ರಿತರ ದುಃಖವನ್ನು ದೂರದಿಂದ ಕಂಡು ಆಸ್ಟ್ರೇಲಿಯಾದ ತತ್ತ್ವಶಾಸ್ತ್ರಜ್ಞ ಪೀಟರ್ ಸಿಂಗರ್ ಎಂಬುವರು 1972ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರ ವಾದದ ಸಾರ ಇಷ್ಟು: ದಾರಿಯಲ್ಲಿ ಹೋಗುವಾಗ ಆಳವಿಲ್ಲದ ಕೊಳದಲ್ಲಿ ಮಗುವೊಂದು ಮುಳುಗುತ್ತಿದ್ದರೆ ಬಟ್ಟೆ ಕೆಸರಾದೀತೆಂದು ನೀವು ನಿಲ್ಲುವುದಿಲ್ಲ, ಇಳಿಯುತ್ತೀರಿ. ಹಾಗಾದರೆ ಮಗು ಹತ್ತು ಮಾರು ದೂರದಲ್ಲಿದ್ದರೇನು, ಹತ್ತು ಸಾವಿರ ಮೈಲಿ ದೂರದಲ್ಲಿದ್ದರೇನು? ದೂರದಿಂದ ಕರ್ತವ್ಯ ಕಡಿಮೆಯಾಗದು. ಈ ವಾದ ನಮಗೆ ಬಹಳ ಮಟ್ಟಿಗೆ ಒಪ್ಪಿಗೆ. ಒಂದೇ ಒಂದು ಮಾತು ಸೇರಿಸುತ್ತೇವೆ. ಕೊಳದ ಮಗುವನ್ನು ಎತ್ತಿದಾಗ ಅದು ಉಸಿರಾಡುವುದನ್ನು ನೀವು ಕಣ್ಣಾರೆ ನೋಡುತ್ತೀರಿ. ದೂರದ ಮಗುವಿಗೆ ಕಳಿಸಿದ ಹಣ ಅದನ್ನು ಎತ್ತಿತೋ, ನಡುವೆ ಯಾರದೋ ಜೇಬನ್ನು ಎತ್ತಿತೋ, ನಿಮಗೆ ಕಾಣುವುದಿಲ್ಲ. ದೂರ ಕರ್ತವ್ಯವನ್ನು ಕಡಿಮೆ ಮಾಡದು, ತಿಳಿವಳಿಕೆಯನ್ನು ಕಡಿಮೆ ಮಾಡುತ್ತದೆ.

ಹಾಗೆಂದು ಹತ್ತಿರದವರೆಲ್ಲ ತಿಳಿದೇ ಕೊಡುತ್ತಾರೆ ಎಂದೂ ಇಲ್ಲ. 2004ರ ಡಿಸೆಂಬರ್ 26ರ ಸುನಾಮಿಯಾದಾಗ ನಾಗಪಟ್ಟಣದ ರಸ್ತೆಗಳ ಬದಿಯಲ್ಲಿ ಹಳೆಯ ಬಟ್ಟೆಗಳ ರಾಶಿಯೇ ಬಿದ್ದಿತ್ತು. ನಮ್ಮ ದೇಶದವರೇ ಕಳಿಸಿದ್ದು. ಹರಿದದ್ದು, ಉಪಯೋಗಕ್ಕೆ ಬಾರದ್ದು. ದುಡಿದು ತಿನ್ನುತ್ತಿದ್ದ ಮೀನುಗಾರರು ಅದನ್ನು ಮುಟ್ಟಲಿಲ್ಲ. ಏಕೆ ಮುಟ್ಟಬೇಕು? ನಮ್ಮಲ್ಲೇ 2009ರಲ್ಲಿ ಉತ್ತರ ಕರ್ನಾಟಕದ ನೆರೆಯಾದ ಮೇಲೆ 'ಆಸರೆ' ಎಂದು ಮನೆಗಳನ್ನು ಕಟ್ಟಿದರು; ಸರ್ಕಾರದ ಹಣವೂ ಇತ್ತು, ದಾನಿಗಳ ಹಣವೂ ಇತ್ತು. ಹಲವು ಕಡೆ ಜನ ಅವುಗಳಲ್ಲಿ ವಾಸಕ್ಕೆ ಹೋಗಲೇ ಇಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕಾಳು ಹಾಕಿಡಲು ಎಡೆಯಿಲ್ಲ. ಕಟ್ಟುವ ಮೊದಲು ಒಬ್ಬ ರೈತ ಹೆಂಗಸನ್ನು ಕೇಳಿದ್ದರೂ ಹೇಳಿಬಿಡುತ್ತಿದ್ದಳು. ಕೇಳಿದರೆ ನಾವು ದಾನಿಗಳು ಚಿಕ್ಕವರಾಗಿಬಿಡುತ್ತೇವಲ್ಲ!

ಅದೇ ಸುನಾಮಿಯ ವಾರದಲ್ಲಿ, ತನ್ನ ದಡದಲ್ಲಿಯೇ 10,000ಕ್ಕೂ ಹೆಚ್ಚು ಜನ ಸತ್ತಿದ್ದಾಗ, ನಮ್ಮ ದೇಶದ ಹಡಗುಗಳು ಶ್ರೀಲಂಕಾಕ್ಕೆ, ಮಾಲ್ಡೀವ್ಸ್‌ಗೆ, ಇಂಡೋನೇಷ್ಯಾಕ್ಕೆ ನೆರವು ಹೊತ್ತು ಹೋದವು. ಇದನ್ನು ನಾವು ಮೆಚ್ಚುತ್ತೇವೆ. ಒಂದು ಕೈಯಲ್ಲಿ ಎರಡು ಕೆಲಸವಾಗದು ಎನ್ನುವವರು ಇದನ್ನು ನೆನೆಯಬೇಕು.

2021ರಲ್ಲಿ ಕೊರೋನಾದ ಎರಡನೆಯ ಅಲೆ ನಮ್ಮನ್ನು ಹಿಂಡುತ್ತಿದ್ದಾಗ ಆಫ್ರಿಕಾದ ಕೀನ್ಯಾ ದೇಶ ನಮಗೆ 12 ಟನ್ ಚಹಾ, ಕಾಫಿ, ಕಡಲೆಕಾಯಿ ಕಳಿಸಿತು. ಮುಂಚೂಣಿಯಲ್ಲಿ ದುಡಿಯುವವರಿಗೆ ಕೊಡಿ ಎಂದು. ನಮ್ಮ ಕೆಲವು ವಿದ್ಯಾವಂತರು ಮೊಬೈಲಿನಲ್ಲಿ ನಕ್ಕರು. "ಕೀನ್ಯಾ ನಮಗೆ ಕೊಡುವ ಕಾಲ ಬಂತೇ?" ಎಂದರು. ಆಯ್ದಕ್ಕಿ ಮಾರಯ್ಯನ ಜೋಳಿಗೆಯಲ್ಲಿದ್ದದ್ದು ಅಂಗಳದಲ್ಲಿ ಚೆಲ್ಲಿದ ಅಕ್ಕಿ. ಅದರಲ್ಲಿಯೇ ದಾಸೋಹ ನಡೆಯಿತು. ಆ ಕಥೆಯನ್ನು ವರ್ಷಕ್ಕೊಮ್ಮೆ ಕೇಳಿ ಕಣ್ಣೊರೆಸಿಕೊಳ್ಳುವ ನಾವು ಕೀನ್ಯಾದ ಕಡಲೆಕಾಯಿಗೆ ನಗಬಾರದಿತ್ತು.

ಅದೇ ಕಥೆಯ ಇನ್ನೊಂದು ಭಾಗವೂ ಇಲ್ಲಿಗೆ ಬೇಕು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ, ಇದು ನಮ್ಮ ಕಾಯಕಕ್ಕೆ ಮೀರಿದ್ದು, ತೆಗೆದುಕೊಂಡ ಜಾಗದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಈಗ ತರುಣರು ಪಕ್ಕದ ಊರಿಗಿಂತ ನಮ್ಮ ಊರಿನ ಮೊತ್ತ ಹೆಚ್ಚಾಗಬೇಕು ಎಂದು ಪಂಥ ಕಟ್ಟಿ ವಂತಿಗೆ ಎತ್ತುತ್ತಾರೆ. ಕೊಡಲು ಇಲ್ಲದ ವಿಧವೆಯ ಬಾಗಿಲಲ್ಲೂ ನಿಲ್ಲುತ್ತಾರೆ. ಭೂಕಂಪಕ್ಕೆ ಆಗಲಿ, ಊರ ಗುಡಿಗೆ ಆಗಲಿ, ಆ ಹಣ ಲಕ್ಕಮ್ಮ ಸುರಿದು ಬಾ ಎಂದ ಅಕ್ಕಿಯೇ.

ಅಮೆರಿಕದಲ್ಲಿ ಇಪ್ಪತ್ತು ವರ್ಷಗಳಿಂದ ನೆಲೆಸಿರುವ, ಈ ಸೀಮೆಯವರೇ ಆದ ಒಬ್ಬರು ನಮಗೆ ಪತ್ರ ಬರೆದಿದ್ದರು. ತಾವು ಪ್ರತಿವರ್ಷ ಊರಿನ ಗುಡಿಯ ಗೋಪುರಕ್ಕೆ ಕಳಿಸುತ್ತಿರುವುದಾಗಿಯೂ, ತಾವಿರುವ ಪಟ್ಟಣದಲ್ಲಿ ಹಸಿದವರಿಗೆ ಊಟ ಹಾಕುವ ಒಂದು ಮನೆಯವರು ಬಂದು ಸಹಾಯ ಕೇಳಿದಾಗ "ನಾನು ನನ್ನ ದೇಶಕ್ಕೆ ಕೊಡುತ್ತೇನೆ" ಎಂದು ಹೇಳಿ ಕಳಿಸಿದುದಾಗಿಯೂ, ಆಮೇಲೆ ಮನಸ್ಸಿಗೆ ಸಮಾಧಾನವಿಲ್ಲವೆಂದೂ ಬರೆದಿದ್ದರು. ನಾವು ಹೀಗೆ ಉತ್ತರ ಬರೆಸಿದೆವು: ನಿಮ್ಮ ಮಕ್ಕಳು ಹುಟ್ಟಿದ್ದು ಅಲ್ಲಿ, ನೀವು ಅನ್ನ ತಿನ್ನುವುದು ಅಲ್ಲಿ, ಅದೂ ನಿಮ್ಮ ಊರೇ. ಭಾನುವಾರ ಆ ಮನೆಗೆ ಹೋಗಿ ಕೈಯಾರೆ ಬಡಿಸಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಇಲ್ಲಿಗೆ ನೀವು ಬಂದು ಬಡಿಸಲಾರಿರಿ, ಹಣ ಕಳಿಸಿ. ಆದರೆ ಗೋಪುರಕ್ಕೆ ಬೇಡ, ಅದು ಈಗಾಗಲೇ ಸಾಕಷ್ಟು ಎತ್ತರವಿದೆ. ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಶೌಚಾಲಯವಿಲ್ಲ.

ಚೀಟಿ ಬರೆದವರಿಗೂ ನಮ್ಮ ಉತ್ತರ ಇದಕ್ಕಿಂತ ಬೇರೆಯಿಲ್ಲ. ಕಣ್ಣೆದುರಿಗೆ ಇರುವವರಿಗೆ ಮೈ ಬಗ್ಗಿಸಿ ಮಾಡಿ. ಅಲ್ಲಿ ಹಣ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ದೂರದವರಿಗೆ ಹಣವನ್ನೇ ಕಳಿಸಿ, ಬಟ್ಟೆಬರೆ ಮೂಟೆ ಕಟ್ಟಬೇಡಿ. ಅಲ್ಲಿ ಮೊದಲಿನಿಂದಲೂ ಕೆಲಸ ಮಾಡುತ್ತಿರುವವರಿಗೆ ಕಳಿಸಿ, ಸುದ್ದಿ ಹಳೆಯದಾದ ಮೇಲೂ ಕಳಿಸಿ. ಮೊದಲ ವಾರ ಎಲ್ಲರೂ ಕಳಿಸುತ್ತಾರೆ, ಬಿತ್ತನೆಯ ಕಾಲಕ್ಕೆ ಯಾರೂ ಇರುವುದಿಲ್ಲ. ಹೊರದೇಶದೊಡನೆ ಹಣದ ವ್ಯವಹಾರಕ್ಕೆ ಕಾಯಿದೆಯ ಕಟ್ಟುಗಳಿವೆ. ಹೊರಗಿನಿಂದ ತರಿಸುವುದಕ್ಕೆ 1976ರಲ್ಲಿ ಒಂದು ಕಾಯಿದೆ ಬಂತು, 2010ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ಹೊರಗೆ ಕಳಿಸುವುದಕ್ಕೂ ನಿಯಮಗಳಿವೆ. ತಿಳಿದವರನ್ನು ಕೇಳಿಯೇ ಮಾಡಿ.

ಇನ್ನೊಂದು ವಿಷಯ. ಈ ಸಭೆಯ ಹೆಸರಿನಲ್ಲಿ ಯಾರೇ ವಂತಿಗೆ ಕೂಡಿಸಿದರೂ, ಅದು ಪಕ್ಕದ ಓಣಿಗೆ ಹೋಗಲಿ, ನೇಪಾಳಕ್ಕೆ ಹೋಗಲಿ, ಮೂರು ತಿಂಗಳೊಳಗೆ ರಸೀತಿ ಸಮೇತ ಇದೇ ಗೋಷ್ಠಿಯಲ್ಲಿ ಎದ್ದು ನಿಂತು ಲೆಕ್ಕ ಓದಬೇಕು. ಕೊಟ್ಟವರ ಹೆಸರು ಓದುವುದು ಬೇಡ, ಮುಟ್ಟಿದ ಮೊತ್ತ ಮತ್ತು ಮುಟ್ಟಿದ ಜಾಗ ಸಾಕು. ಮೊದಲ ಲೆಕ್ಕವನ್ನು ಮುಂದಿನ ಹುಣ್ಣಿಮೆಗೆ ಕೇಳೋಣ.